ಎಸ್‌ಕ್ಯೂಎಲ್‌ನಲ್ಲಿ ಸಂಬಂಧಿತ ದಾಖಲೆಗಳ ಎಣಿಕೆ

ಸಂಬಂಧಿತ ದಾಖಲೆಗಳ ಎಣಿಕೆ: ರಿಲೇಷನಲ್ ಡೇಟಾಬೇಸ್‌ನ ಒಂದು ಕೋಷ್ಟಕದಲ್ಲಿರುವ ಪ್ರತಿಯೊಂದು ಸಾಲಿಗೆ ಬೇರೊಂದು ಕೋಷ್ಟಕದ ಎಷ್ಟು ಸಾಲುಗಳು ಸೇರಿವೆ ಎಂಬುದನ್ನು ಎಸ್‌ಕ್ಯೂಎಲ್ ಭಾಷೆಯ ಕ್ವೆರಿಯ ಮೂಲಕ ಕಂಡುಕೊಳ್ಳುವ ಕ್ರಮ. ಒಬ್ಬ ಲೇಖಕರ ಹೆಸರಿನಲ್ಲಿ ಎಷ್ಟು ಕೃತಿಗಳಿವೆ, ಗ್ರಂಥಾಲಯದ ಒಬ್ಬ ಸದಸ್ಯರ ಬಳಿ ಎಷ್ಟು ಪುಸ್ತಕಗಳು ಎರವಲಿನಲ್ಲಿವೆ, ಒಂದು ತಾಲ್ಲೂಕಿನಲ್ಲಿ ಎಷ್ಟು ಶಾಲೆಗಳಿವೆ ಎಂಬಂಥ ಪ್ರಶ್ನೆಗಳು ಈ ವರ್ಗಕ್ಕೆ ಸೇರುತ್ತವೆ. ಬಂದ ಸಂಖ್ಯೆ ಸರಿಯೇ ಎಂಬುದು ಮುಖ್ಯವಾಗಿ ಎರಡು ಅಂಶಗಳ ಮೇಲೆ ನಿಂತಿದೆ: ಸಂಬಂಧಿತ ದಾಖಲೆ ಒಂದೂ ಇಲ್ಲದ ಸಾಲು ಉತ್ತರದಲ್ಲಿ ಸೊನ್ನೆಯಾಗಿ ಉಳಿಯಬೇಕು, ಒಂದೇ ದಾಖಲೆ ಎರಡು ಸಲ ಎಣಿಕೆಗೆ ಬರಬಾರದು. ಈ ವಿಷಯದ ಸಿದ್ಧಾಂತವೂ ಭಾಷೆಗೆ ಕಾಲಕಾಲಕ್ಕೆ ಬಂದ ಸೇರ್ಪಡೆಗಳೂ ಬಹುಪಾಲು ಇವೆರಡರ ಸುತ್ತಲೇ ಬೆಳೆದಿವೆ.

ಈ ಲೇಖನದಲ್ಲಿ ಕೋಷ್ಟಕ ಎಂದರೆ ಟೇಬಲ್, ಸಾಲು ಅಥವಾ ದಾಖಲೆ ಎಂದರೆ ಕೋಷ್ಟಕದ ಒಂದು ಅಡ್ಡಸಾಲು, ಕಾಲಂ ಎಂದರೆ ಅದರ ಉದ್ದ ಪಟ್ಟಿ. ಕ್ವೆರಿ ಎಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ನಲ್ ಎಂದರೆ ಮೌಲ್ಯವೇ ಇಲ್ಲದ ಸ್ಥಿತಿ. ಅದು ಸೊನ್ನೆಯೂ ಅಲ್ಲ, ಖಾಲಿ ಅಕ್ಷರಮಾಲೆಯೂ ಅಲ್ಲ. ಎಸ್‌ಕ್ಯೂಎಲ್‌ನ ಮೀಸಲು ಪದಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲೇ ಬರೆಯಬೇಕು. ಇಲ್ಲಿ ಅವನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಡಲಾಗಿದೆ.

ಮೂಲ ಮತ್ತು ಬೆಳವಣಿಗೆ

1960ರ ದಶಕದ ಡೇಟಾಬೇಸ್‌ಗಳಲ್ಲಿ ದಾಖಲೆಗಳ ನಡುವಿನ ಸಂಬಂಧವನ್ನು ಶೇಖರಣೆಯ ಹಂತದಲ್ಲೇ ಕೊಂಡಿಗಳಾಗಿ ಹೆಣೆದಿಡುತ್ತಿದ್ದರು. ಐಬಿಎಂ ಕಂಪನಿಯ ಐಎಂಎಸ್‌ನಲ್ಲಿ ದಾಖಲೆಗಳು ಮೇಲಿನಿಂದ ಕೆಳಕ್ಕೆ ಶ್ರೇಣಿಯಾಗಿ ಇರುತ್ತಿದ್ದವು. ಚಾರ್ಲ್ಸ್ ಬ್ಯಾಕ್‌ಮನ್ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದ ಐಡಿಎಸ್‌ನಲ್ಲಿ ಜಾಲವಾಗಿ ಹೆಣೆದುಕೊಂಡಿರುತ್ತಿದ್ದವು. ಎರಡರಲ್ಲೂ ಎಣಿಸಬೇಕಾದರೆ ಪ್ರೋಗ್ರಾಮರ್ ತಾನೇ ಒಂದು ದಾಖಲೆಯಿಂದ ಹೊರಟು, ಕೊಂಡಿ ಹಿಡಿದು ಮುಂದಿನದಕ್ಕೆ ಸಾಗಿ, ಪ್ರತಿ ಹೆಜ್ಜೆಗೂ ಒಂದನ್ನು ಕೂಡುತ್ತಾ ಹೋಗುವ ಪ್ರೋಗ್ರಾಂ ಬರೆಯಬೇಕಿತ್ತು. ಕೊಂಡಿಯೇ ಇಲ್ಲದ ಕಡೆ ಎಣಿಕೆ ಸೊನ್ನೆಯಲ್ಲೇ ನಿಲ್ಲುತ್ತಿತ್ತು. ಕೆಲಸ ಹೆಚ್ಚಿದ್ದರೂ, ಮುಂದೆ ರಿಲೇಷನಲ್ ಪದ್ಧತಿಯನ್ನು ಕಾಡಿದ ಸೊನ್ನೆಯ ತೊಡಕು ಆ ಕ್ರಮದಲ್ಲಿ ಇರಲಿಲ್ಲ.

ಐಬಿಎಂನ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ 1970ರ ಜೂನ್‌ನಲ್ಲಿ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿ ರಿಲೇಷನಲ್ ಮಾದರಿಯನ್ನು ಮಂಡಿಸಿದರು. ಈ ಮಾದರಿಯಲ್ಲಿ ಕೊಂಡಿಗಳಿಲ್ಲ. ಎರಡು ಕೋಷ್ಟಕಗಳಲ್ಲಿ ಒಂದೇ ಮೌಲ್ಯ ಕಾಣಿಸಿಕೊಂಡರೆ ಅದೇ ಸಂಬಂಧ. ಗಣಗಳ ಮೇಲೆ ನಿಂತ ಕಾಡ್ ಅವರ ಬೀಜಗಣಿತದಲ್ಲಿ ಆಯ್ಕೆ, ಜೋಡಣೆ, ಭಾಗಾಕಾರದಂಥ ಕ್ರಿಯೆಗಳಿದ್ದವು, ಎಣಿಕೆ ಇರಲಿಲ್ಲ. ಅಗ್ರಿಗೇಟ್ ಫಂಕ್ಷನ್‌ಗಳನ್ನು, ಅಂದರೆ ಹಲವು ಸಾಲುಗಳಿಂದ ಒಂದೇ ಮೌಲ್ಯ ತೆಗೆಯುವ ಫಂಕ್ಷನ್‌ಗಳನ್ನು, ಆ ಬೀಜಗಣಿತಕ್ಕೆ ವಿಧಿವತ್ತಾಗಿ ಸೇರಿಸಿದ ಪ್ರಬಂಧವನ್ನು ಆಂತೊನಿ ಕ್ಲುಗ್ 1982ರಲ್ಲಿ ಪ್ರಕಟಿಸಿದರು.

ಬಳಕೆಯ ಭಾಷೆ ಸಿದ್ಧಾಂತಕ್ಕಿಂತ ಮುಂದೆ ಹೋಗಿತ್ತು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಸೀಕ್ವೆಲ್ ಭಾಷೆಯನ್ನು ಪ್ರಕಟಿಸಿದರು. ಬಾಯ್ಸ್ ಅದೇ ವರ್ಷ ತೀರಿಕೊಂಡರು. 1976ರಲ್ಲಿ ಹೊರಬಂದ ಅದರ ಎರಡನೆಯ ರೂಪದಲ್ಲಿ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಮತ್ತು ಆ ಗುಂಪುಗಳಿಗೆ ಷರತ್ತು ಹಾಕುವ ಹ್ಯಾವಿಂಗ್ ಇದ್ದವು. ಸೀಕ್ವೆಲ್ ಎಂಬ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಭಾಷೆಯ ಹೆಸರು ಎಸ್‌ಕ್ಯೂಎಲ್ ಎಂದಾಯಿತು. 1979ರಲ್ಲಿ ಈ ಭಾಷೆಯನ್ನು ಬಳಸುವ ಒರೇಕಲ್ ಡೇಟಾಬೇಸ್ ಮಾರುಕಟ್ಟೆಗೆ ಬಂತು. 1986ರಲ್ಲಿ ಅಮೆರಿಕದ ಆನ್ಸಿ, 1987ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಸಂಸ್ಥೆ ಎಸ್‌ಕ್ಯೂಎಲ್ ಅನ್ನು ಮಾನಕವಾಗಿ ಅಂಗೀಕರಿಸಿದವು.

ಆ ಮೊದಲ ಮಾನಕದಲ್ಲಿ ಔಟರ್ ಜಾಯಿನ್, ಅಂದರೆ ಹೊಂದಾಣಿಕೆ ಸಿಗದ ಸಾಲುಗಳನ್ನೂ ಉಳಿಸಿಕೊಳ್ಳುವ ಜೋಡಣೆ, ಇರಲಿಲ್ಲ, ಕಾಡ್ 1979ರ ಪ್ರಬಂಧದಲ್ಲೇ ಅದನ್ನು ವಿವರಿಸಿದ್ದರೂ. ಸೊನ್ನೆ ಎಣಿಕೆಯ ಸಾಲುಗಳೂ ಬೇಕಿದ್ದರೆ ಎರಡು ಕ್ವೆರಿ ಬರೆಯಬೇಕಿತ್ತು: ಒಂದು ಸಂಬಂಧಿತ ದಾಖಲೆ ಇರುವವರಿಗೆ, ಇನ್ನೊಂದು ಇಲ್ಲದವರ ಮುಂದೆ 0 ಎಂದು ಬರೆದು ಮೊದಲನೆಯದಕ್ಕೆ ಯೂನಿಯನ್ ಮೂಲಕ ಸೇರಿಸುವುದಕ್ಕೆ. ಕಂಪನಿಗಳು ತಮ್ಮತಮ್ಮ ಗುರುತುಗಳನ್ನು ಹುಟ್ಟುಹಾಕಿದವು. ಒರೇಕಲ್‌ನಲ್ಲಿ ಆವರಣದೊಳಗಿನ ಕೂಡು ಚಿಹ್ನೆ, ಸೈಬೇಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಸಮ ಚಿಹ್ನೆಯ ಪಕ್ಕದ ನಕ್ಷತ್ರ. 1992ರ ಮಾನಕ ಲೆಫ್ಟ್, ರೈಟ್, ಫುಲ್ ಔಟರ್ ಜಾಯಿನ್‌ಗಳನ್ನೂ, ಕೇಸ್ ಪದಪುಂಜವನ್ನೂ, ಸೆಲೆಕ್ಟ್ ಪಟ್ಟಿಯೊಳಗೆ ಇಡಬಹುದಾದ ಉಪಕ್ವೆರಿಯನ್ನೂ ತಂದಿತು. ಒರೇಕಲ್ ಈ ಜಾಯಿನ್ ಬರವಣಿಗೆಯನ್ನು 2001ರ 9ಐ ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. 1999ರ ಮಾನಕದಲ್ಲಿ ರೋಲಪ್, ಕ್ಯೂಬ್ ಹಾಗೂ ರಿಕರ್ಸಿವ್ ಕ್ವೆರಿಗಳು, 2003ರದರಲ್ಲಿ ವಿಂಡೋ ಫಂಕ್ಷನ್‌ಗಳು ಮತ್ತು ಫಿಲ್ಟರ್ ಸೇರಿದವು.

ರಚನೆ

ಸಾಮಾನ್ಯವಾಗಿ ಪ್ರತಿ ಕೋಷ್ಟಕದಲ್ಲೂ ಸಾಲನ್ನು ಅನನ್ಯವಾಗಿ ಗುರುತಿಸುವ ಕಾಲಂ ಇರುತ್ತದೆ. ಅದು ಪ್ರೈಮರಿ ಕೀ. ಇನ್ನೊಂದು ಕೋಷ್ಟಕದ ಪ್ರೈಮರಿ ಕೀಯನ್ನು ಹೊತ್ತ ಕಾಲಂ ಫಾರಿನ್ ಕೀ. ಫಾರಿನ್ ಕೀ ಇರುವ ಕಡೆ ಅನೇಕ, ಅದು ಸೂಚಿಸುವ ಕಡೆ ಒಂದು. ಇದು ಒಂದು-ಅನೇಕ ಸಂಬಂಧ. ಎರಡೂ ಕಡೆ ಅನೇಕವಾದಾಗ ನಡುವೆ ಮೂರನೆಯ ಕೋಷ್ಟಕ ಬೇಕಾಗುತ್ತದೆ. ಸದಸ್ಯರು ಮತ್ತು ಪುಸ್ತಕಗಳ ನಡುವಿನ ಎರವಲು ಕೋಷ್ಟಕ ಇಂಥದು. ಅನೇಕ-ಅನೇಕ ಸಂಬಂಧದಲ್ಲಿ ಎಣಿಕೆಗೆ ಸಾಮಾನ್ಯವಾಗಿ ಈ ನಡುವಿನ ಕೋಷ್ಟಕವೊಂದೇ ಸಾಕು; ಹೆಸರೋ ಸೊನ್ನೆ ಎಣಿಕೆಯ ಸಾಲುಗಳೋ ಬೇಕಾದಾಗ ಮಾತ್ರ ತುದಿಯ ಕೋಷ್ಟಕ ಬೇಕು.

ಮುಂದಿನ ವಿವರಣೆಗೆ ಮೂರು ಕೋಷ್ಟಕಗಳ ಮಾದರಿಯನ್ನು ತೆಗೆದುಕೊಳ್ಳಲಾಗಿದೆ. ಲೇಖಕ ಕೋಷ್ಟಕದಲ್ಲಿ ನಾಲ್ಕು ಸಾಲುಗಳು: ಕುವೆಂಪು, ದ.ರಾ. ಬೇಂದ್ರೆ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ಗಿರೀಶ ಕಾರ್ನಾಡ. ಕಾದಂಬರಿ ಕೋಷ್ಟಕದಲ್ಲಿ ನಾಲ್ಕು: ಕುವೆಂಪು ಅವರ ಕಾನೂರು ಹೆಗ್ಗಡಿತಿ (1936), ಮಲೆಗಳಲ್ಲಿ ಮದುಮಗಳು (1967), ಮಾಸ್ತಿಯವರ ಚೆನ್ನಬಸವನಾಯಕ, ಚಿಕವೀರ ರಾಜೇಂದ್ರ. ನಾಟಕ ಕೋಷ್ಟಕದಲ್ಲಿ ಏಳು: ಕುವೆಂಪು ಅವರ ಜಲಗಾರ, ಶೂದ್ರ ತಪಸ್ವಿ, ಬೆರಳ್‌ಗೆ ಕೊರಳ್, ಮಾಸ್ತಿಯವರ ಕಾಕನಕೋಟೆ, ಕಾರ್ನಾಡರ ಯಯಾತಿ, ತುಘಲಕ್, ಹಯವದನ. ಇದು ಮಾದರಿಯೇ ಹೊರತು ಗ್ರಂಥಸೂಚಿಯಲ್ಲ. ಬೇಂದ್ರೆಯವರೂ ನಾಟಕ ಬರೆದಿದ್ದಾರೆ, ಆದರೆ ಅವು ಈ ಕೋಷ್ಟಕಕ್ಕೆ ಇನ್ನೂ ಸೇರಿಲ್ಲ ಎಂದು ಇಟ್ಟುಕೊಳ್ಳಬೇಕು.

ಕೌಂಟ್ ಫಂಕ್ಷನ್‌ನ ರೂಪಗಳು

ಕೌಂಟ್‌ಗೆ ಮೂರು ರೂಪಗಳಿವೆ. ಆವರಣದಲ್ಲಿ ನಕ್ಷತ್ರವಿರುವ ಕೌಂಟ್(*) ಸಾಲುಗಳನ್ನು ಎಣಿಸುತ್ತದೆ. ಒಳಗೆ ಏನಿದೆ ಎಂದು ನೋಡುವುದಿಲ್ಲ. ಕಾಲಂ ಹೆಸರಿರುವ ಕೌಂಟ್ ಆ ಕಾಲಂನಲ್ಲಿ ನಲ್ ಅಲ್ಲದ ಸಾಲುಗಳನ್ನು ಮಾತ್ರ ಎಣಿಸುತ್ತದೆ. ಡಿಸ್ಟಿಂಕ್ಟ್ ಸೇರಿದ ಕೌಂಟ್ ನಲ್ ಅಲ್ಲದ ಬೇರೆಬೇರೆ ಮೌಲ್ಯಗಳನ್ನು ಎಣಿಸುತ್ತದೆ. ಕೌಂಟ್(1) ಎಂದು ಬರೆಯುವ ರೂಢಿಯೂ ಇದೆ. 1 ಎಂದೂ ನಲ್ ಆಗದ ಕಾರಣ ಅದರ ಉತ್ತರ ಕೌಂಟ್(*)ನದೇ.

ಸಾಲೇ ಇಲ್ಲದ ಗಣದ ಮೇಲೆ ಮೊತ್ತ, ಸರಾಸರಿ, ಗರಿಷ್ಠ, ಕನಿಷ್ಠ ಎಲ್ಲವೂ ನಲ್ ಕೊಡುತ್ತವೆ. ಕೌಂಟ್ ಮಾತ್ರ 0 ಕೊಡುತ್ತದೆ. ಆದರೆ ಗ್ರೂಪ್ ಬೈ ಇದ್ದಾಗ ಸಾಲಿಲ್ಲದ ಗುಂಪು ಹುಟ್ಟುವುದೇ ಇಲ್ಲ, ಹಾಗಾಗಿ ಆ 0 ಬರುವುದಕ್ಕೆ ಎಡೆಯೇ ಇರುವುದಿಲ್ಲ. ಎಣಿಕೆಯ ತಪ್ಪುಗಳಲ್ಲಿ ದೊಡ್ಡ ಪಾಲು ಈ ಒಂದು ನಿಯಮದಿಂದ ಹುಟ್ಟುತ್ತದೆ.

ಉತ್ತರದ ಸಂಖ್ಯಾಬಗೆ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೌಂಟ್ 2,14,74,83,647ನ್ನು ದಾಟಿದರೆ ದೋಷಸಂದೇಶ ಬರುತ್ತದೆ. ಅದಕ್ಕೂ ದೊಡ್ಡ ಎಣಿಕೆಗೆ ಕೌಂಟ್_ಬಿಗ್ ಎಂಬ ಪ್ರತ್ಯೇಕ ಫಂಕ್ಷನ್ ಇದೆ.

ಎಣಿಕೆಯ ವಿಧಾನಗಳು

ಜಾಯಿನ್ ಮತ್ತು ಗುಂಪು. ಎರಡು ಕೋಷ್ಟಕಗಳನ್ನು ಜೋಡಿಸಿ, ಬಂದ ಸಾಲುಗಳನ್ನು ಗುಂಪು ಮಾಡಿ ಎಣಿಸುವುದು ಹೆಚ್ಚು ಬಳಕೆಯಲ್ಲಿರುವ ವಿಧಾನ.

ಸೆಲೆಕ್ಟ್ ಲೇಖಕ.ಹೆಸರು, ಕೌಂಟ್(ಕಾದಂಬರಿ.ಕಾದಂಬರಿ_ಐಡಿ)
ಫ್ರಮ್ ಲೇಖಕ
ಲೆಫ್ಟ್ ಜಾಯಿನ್ ಕಾದಂಬರಿ ಆನ್ ಕಾದಂಬರಿ.ಲೇಖಕ_ಐಡಿ = ಲೇಖಕ.ಲೇಖಕ_ಐಡಿ
ಗ್ರೂಪ್ ಬೈ ಲೇಖಕ.ಲೇಖಕ_ಐಡಿ, ಲೇಖಕ.ಹೆಸರು

ಮಾದರಿಯ ಮೇಲೆ ಇದರ ಉತ್ತರ: ಕುವೆಂಪು 2, ಬೇಂದ್ರೆ 0, ಮಾಸ್ತಿ 2, ಕಾರ್ನಾಡ 0. ಗುಂಪು ಮಾಡುವಾಗ ಹೆಸರೊಂದನ್ನೇ ನೆಚ್ಚದೆ ಐಡಿಯನ್ನೂ ಸೇರಿಸುವುದು ಅಗತ್ಯ. ಒಂದೇ ಹೆಸರಿನ ಇಬ್ಬರಿದ್ದರೆ ಹೆಸರಿನ ಗುಂಪು ಇಬ್ಬರ ಎಣಿಕೆಯನ್ನೂ ಬೆರೆಸಿಬಿಡುತ್ತದೆ. 1999ರ ಮಾನಕದ ಪ್ರಕಾರ ಪ್ರೈಮರಿ ಕೀ ಗ್ರೂಪ್ ಬೈನಲ್ಲಿದ್ದರೆ ಅದೇ ಕೋಷ್ಟಕದ ಉಳಿದ ಕಾಲಂಗಳನ್ನು ಅಲ್ಲಿ ಮತ್ತೆ ಹೇಳಬೇಕಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇದನ್ನು 9.1ನೇ ಆವೃತ್ತಿಯಿಂದ ಒಪ್ಪುತ್ತದೆ. ಮೈಎಸ್‌ಕ್ಯೂಎಲ್ ಬಹುಕಾಲ ಗ್ರೂಪ್ ಬೈನಲ್ಲಿಲ್ಲದ ಯಾವುದೇ ಕಾಲಂ ಕೇಳಿದರೂ ಗುಂಪಿನ ಯಾವುದೋ ಒಂದು ಸಾಲಿನ ಮೌಲ್ಯವನ್ನು ಕೊಟ್ಟು ಸುಮ್ಮನಾಗುತ್ತಿತ್ತು, 5.7ನೇ ಆವೃತ್ತಿಯಿಂದ ಕಟ್ಟುನಿಟ್ಟಿನ ನಿಯಮವೇ ಪೂರ್ವನಿಯೋಜಿತವಾಗಿದೆ.

ಸಂಬಂಧಿತ ಉಪಕ್ವೆರಿ. ಸೆಲೆಕ್ಟ್ ಪಟ್ಟಿಯೊಳಗೇ ಪ್ರತಿ ಲೇಖಕರಿಗೂ ಪ್ರತ್ಯೇಕ ಎಣಿಕೆಯನ್ನು ಬರೆಯಲಾಗುತ್ತದೆ.

ಸೆಲೆಕ್ಟ್ ಲೇಖಕ.ಹೆಸರು,
(ಸೆಲೆಕ್ಟ್ ಕೌಂಟ್(*) ಫ್ರಮ್ ಕಾದಂಬರಿ ವೇರ್ ಕಾದಂಬರಿ.ಲೇಖಕ_ಐಡಿ = ಲೇಖಕ.ಲೇಖಕ_ಐಡಿ)
ಫ್ರಮ್ ಲೇಖಕ

ಇಲ್ಲಿ ಒಳಗಿನ ಕ್ವೆರಿಯಲ್ಲಿ ಗ್ರೂಪ್ ಬೈ ಇಲ್ಲ, ಆದ್ದರಿಂದ ಸಾಲು ಸಿಗದಿದ್ದರೂ 0 ಬರುತ್ತದೆ; ಕೌಂಟ್(*) ಇಲ್ಲಿ ನಿರಪಾಯ. ಎರಡು, ಮೂರು ಬೇರೆಬೇರೆ ಕೋಷ್ಟಕಗಳ ಎಣಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೂ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಮೊದಲೇ ಎಣಿಸಿ ಜೋಡಿಸುವುದು. ಕಾದಂಬರಿ ಕೋಷ್ಟಕವನ್ನಷ್ಟೇ ಲೇಖಕ_ಐಡಿಯಂತೆ ಗುಂಪು ಮಾಡಿ ಎಣಿಸಿ, ಆ ಫಲಿತಾಂಶವನ್ನು ಲೇಖಕ ಕೋಷ್ಟಕಕ್ಕೆ ಲೆಫ್ಟ್ ಜಾಯಿನ್ ಮಾಡಲಾಗುತ್ತದೆ. ಇಲ್ಲದವರಿಗೆ ನಲ್ ಬರುವುದರಿಂದ ಕೋಅಲೆಸ್ ಫಂಕ್ಷನ್ ಹಾಕಿ ಅದನ್ನು 0 ಮಾಡಬೇಕು.

ವಿಂಡೋ ಫಂಕ್ಷನ್. ಕೌಂಟ್‌ನ ಮುಂದೆ ಓವರ್ ಮತ್ತು ಪಾರ್ಟಿಷನ್ ಬೈ ಇಟ್ಟರೆ ಸಾಲುಗಳು ಗುಂಪಾಗಿ ಕುಗ್ಗುವುದಿಲ್ಲ. ಪ್ರತಿ ಕಾದಂಬರಿಯ ಸಾಲಿನ ಪಕ್ಕದಲ್ಲೂ ಅದೇ ಲೇಖಕರ ಒಟ್ಟು ಕಾದಂಬರಿಗಳ ಸಂಖ್ಯೆ ಮೂಡುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇದನ್ನು 2009ರಲ್ಲಿ, ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ 2018ರಲ್ಲಿ ಅಳವಡಿಸಿಕೊಂಡವು.

ಷರತ್ತಿನ ಎಣಿಕೆ. ಒಂದೇ ಕ್ವೆರಿಯಲ್ಲಿ ಒಟ್ಟು ಎಷ್ಟು, 1960ರ ನಂತರದವು ಎಷ್ಟು ಎಂದು ಕೇಳಬೇಕಾದಾಗ ಕೌಂಟ್‌ನೊಳಗೆ ಕೇಸ್ ಬರೆಯುವುದು ಹಳೆಯ ರೂಢಿ. ಷರತ್ತು ತಪ್ಪಿದರೆ ಕೇಸ್ ನಲ್ ಕೊಡುತ್ತದೆ, ನಲ್ ಎಣಿಕೆಗೆ ಬರುವುದಿಲ್ಲ. ಫಿಲ್ಟರ್ ಪದ ಇದನ್ನೇ ನೇರವಾಗಿ ಹೇಳುತ್ತದೆ, ಆದರೆ ಮೈಎಸ್‌ಕ್ಯೂಎಲ್‌ನಂಥ ಕೆಲವು ವ್ಯವಸ್ಥೆಗಳಲ್ಲಿ ಅದು ದೊರೆಯುವುದಿಲ್ಲ.

ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ ಎಣಿಕೆ ಅನವಶ್ಯಕ. ಎಕ್ಸಿಸ್ಟ್ಸ್ ಮೊದಲ ಸಾಲು ಸಿಕ್ಕಲ್ಲಿಗೇ ನಿಲ್ಲುತ್ತದೆ. ಎಣಿಸಿ 0ಗಿಂತ ಹೆಚ್ಚೇ ಎಂದು ಕೇಳುವ ಕ್ವೆರಿ ಕೊನೆಯ ಸಾಲಿನವರೆಗೂ ಓಡಬಹುದು.

ಸೊನ್ನೆಯ ಸಮಸ್ಯೆ

ಮೇಲಿನ ಮೊದಲ ಕ್ವೆರಿಯಲ್ಲಿ ಲೆಫ್ಟ್ ಎಂಬುದನ್ನು ಬಿಟ್ಟು ಬರಿಯ ಜಾಯಿನ್ ಬರೆದರೆ ಉತ್ತರದಲ್ಲಿ ಕುವೆಂಪು ಮತ್ತು ಮಾಸ್ತಿ ಮಾತ್ರ ಉಳಿಯುತ್ತಾರೆ. ಬೇಂದ್ರೆ ಮತ್ತು ಕಾರ್ನಾಡರಿಗೆ ಹೊಂದುವ ಕಾದಂಬರಿಯ ಸಾಲು ಇಲ್ಲದ್ದರಿಂದ ಅವರ ಹೆಸರೇ ಅಳಿಯುತ್ತದೆ. ದೋಷಸಂದೇಶ ಬರುವುದಿಲ್ಲ.

ಲೆಫ್ಟ್ ಜಾಯಿನ್ ಇಟ್ಟು ಕೌಂಟ್(*) ಬರೆದರೆ ತಪ್ಪು ಬೇರೆ ರೂಪ ತಾಳುತ್ತದೆ. ಹೊಂದಾಣಿಕೆ ಸಿಗದ ಲೇಖಕರನ್ನು ಉಳಿಸಿಕೊಳ್ಳಲು ಜಾಯಿನ್ ಅವರಿಗೆ ಕಾದಂಬರಿಯ ಕಾಲಂಗಳೆಲ್ಲ ನಲ್ ಆಗಿರುವ ಒಂದೊಂದು ಸಾಲನ್ನು ಕಟ್ಟಿಕೊಡುತ್ತದೆ. ಕೌಂಟ್(*) ಆ ಸಾಲನ್ನೂ ಎಣಿಸಿ ಬೇಂದ್ರೆ 1, ಕಾರ್ನಾಡ 1 ಎನ್ನುತ್ತದೆ. ಬಲಗಡೆಯ ಕೋಷ್ಟಕದ ಪ್ರೈಮರಿ ಕೀಯನ್ನೇ ಎಣಿಸಬೇಕೆಂಬ ನಿಯಮ ಇದಕ್ಕಾಗಿ ಇದೆ; ಪ್ರೈಮರಿ ಕೀ ನಿಜವಾದ ಸಾಲಿನಲ್ಲಿ ಎಂದೂ ನಲ್ ಆಗಿರುವುದಿಲ್ಲ.

ಮೂರನೆಯ ರೂಪ ಷರತ್ತಿನ ಸ್ಥಾನಕ್ಕೆ ಸಂಬಂಧಿಸಿದ್ದು. 1960ರ ನಂತರದ ಕಾದಂಬರಿಗಳನ್ನಷ್ಟೇ ಎಣಿಸಲು ವರ್ಷದ ಷರತ್ತನ್ನು ವೇರ್ ಭಾಗದಲ್ಲಿ ಇಟ್ಟರೆ, ವರ್ಷ ನಲ್ ಆಗಿರುವ ಸಾಲುಗಳು ಆ ಷರತ್ತನ್ನು ದಾಟುವುದಿಲ್ಲ. ಲೆಫ್ಟ್ ಜಾಯಿನ್ ಬರೆದಿದ್ದರೂ ಅದು ಸಾದಾ ಜಾಯಿನ್ ಆಗಿಬಿಡುತ್ತದೆ, ಉತ್ತರದಲ್ಲಿ ಕುವೆಂಪು 1 ಎಂಬ ಒಂದೇ ಸಾಲು ಬರುತ್ತದೆ. ಅದೇ ಷರತ್ತನ್ನು ಆನ್ ಭಾಗದಲ್ಲಿ ಇಟ್ಟರೆ ಕುವೆಂಪು 1, ಉಳಿದ ಮೂವರಿಗೂ 0.

ಈ ಸೊನ್ನೆ ಡೇಟಾಬೇಸ್ ಸಂಶೋಧನೆಯಲ್ಲೂ ಪ್ರಸಿದ್ಧ. ವಾನ್ ಕಿಮ್ 1982ರಲ್ಲಿ ಎಸಿಎಂನ ಡೇಟಾಬೇಸ್ ಪತ್ರಿಕೆಯಲ್ಲಿ ಒಳಕ್ವೆರಿಗಳನ್ನು ಜಾಯಿನ್ ಆಗಿ ಮಾರ್ಪಡಿಸಿ ವೇಗ ಹೆಚ್ಚಿಸುವ ಕ್ರಮಗಳನ್ನು ಪ್ರಕಟಿಸಿದರು. ಎಣಿಕೆ ಇರುವ ಒಳಕ್ವೆರಿಯನ್ನು ಅವರ ಕ್ರಮ ಮೊದಲು ಗುಂಪು ಮಾಡಿದ ತಾತ್ಕಾಲಿಕ ಕೋಷ್ಟಕವಾಗಿಸಿ, ಆಮೇಲೆ ಸಾದಾ ಜಾಯಿನ್ ಮಾಡುತ್ತಿತ್ತು. ವರ್ನರ್ ಕೀಸ್ಲಿಂಗ್ 1984ರಲ್ಲಿ ಇದರ ತಪ್ಪನ್ನು ಬಿಡಿಭಾಗಗಳ ದಾಸ್ತಾನಿನ ಉದಾಹರಣೆಯಿಂದ ತೋರಿಸಿದರು. ಒಂದು ದಿನಾಂಕಕ್ಕೆ ಮೊದಲು ಆದ ರವಾನೆಗಳ ಸಂಖ್ಯೆಯೂ ಕೈಯಲ್ಲಿರುವ ದಾಸ್ತಾನೂ ಸಮವಾಗಿರುವ ಬಿಡಿಭಾಗ ಯಾವುದು ಎಂಬ ಪ್ರಶ್ನೆಯಲ್ಲಿ, ದಾಸ್ತಾನು 0 ಆಗಿದ್ದು ರವಾನೆಯೂ ಇಲ್ಲದ ಬಿಡಿಭಾಗ ಉತ್ತರಕ್ಕೆ ಬರಬೇಕು. ಮೂಲ ಕ್ವೆರಿಯಲ್ಲಿ ಅದು ಬರುತ್ತದೆ, ಮಾರ್ಪಡಿಸಿದ ಕ್ವೆರಿಯಲ್ಲಿ ತಪ್ಪಿಹೋಗುತ್ತದೆ. ಇದಕ್ಕೆ ಕೌಂಟ್ ಬಗ್ ಎಂಬ ಹೆಸರು ನಿಂತಿತು. ರಿಚರ್ಡ್ ಗಾನ್ಸ್ಕಿ ಮತ್ತು ಹ್ಯಾರಿ ವಾಂಗ್ 1987ರಲ್ಲಿ ತಾತ್ಕಾಲಿಕ ಕೋಷ್ಟಕವನ್ನು ಔಟರ್ ಜಾಯಿನ್‌ನಿಂದ ಕಟ್ಟುವ ಪರಿಹಾರ ಕೊಟ್ಟರು. ಕ್ವೆರಿಯನ್ನು ಓಡಿಸುವ ಯೋಜನೆಯನ್ನು ಆರಿಸುವ ಡೇಟಾಬೇಸ್‌ನ ಭಾಗಕ್ಕೆ ಆಪ್ಟಿಮೈಸರ್ ಎಂದು ಹೆಸರು. ಒಳಕ್ವೆರಿಯನ್ನು ಬಿಡಿಸುವ ಇಂದಿನ ಆಪ್ಟಿಮೈಸರ್‌ಗಳು ಈ ಒಂದು ಪ್ರಕರಣವನ್ನು ಪ್ರತ್ಯೇಕವಾಗಿ ನೋಡಿಕೊಳ್ಳುತ್ತವೆ.

ಗುಣಾಕಾರದ ದೋಷ

ಒಬ್ಬರೇ ಲೇಖಕರ ಕಾದಂಬರಿಗಳನ್ನೂ ನಾಟಕಗಳನ್ನೂ ಒಂದೇ ಕ್ವೆರಿಯಲ್ಲಿ ಎಣಿಸಲು ಎರಡೂ ಕೋಷ್ಟಕಗಳನ್ನು ಲೇಖಕಕ್ಕೆ ಲೆಫ್ಟ್ ಜಾಯಿನ್ ಮಾಡಿದಾಗ, ಪ್ರತಿ ಕಾದಂಬರಿಯೂ ಪ್ರತಿ ನಾಟಕದೊಂದಿಗೆ ಜೋಡಿಯಾಗುತ್ತದೆ. ಕುವೆಂಪು ಅವರಿಗೆ 2 ಕಾದಂಬರಿ, 3 ನಾಟಕ. ಜಾಯಿನ್‌ನಿಂದ 6 ಸಾಲು. ಕೌಂಟ್ ಎರಡಕ್ಕೂ 6 ಎನ್ನುತ್ತದೆ. ಮಾಸ್ತಿಯವರಿಗೆ 2 ಕಾದಂಬರಿ, 1 ನಾಟಕ. ಕಾದಂಬರಿ 2 ಎಂಬುದು ಸರಿಯಾಗಿ ಬರುತ್ತದೆ, ನಾಟಕ 2 ಎಂಬುದು ತಪ್ಪು. ಕಾರ್ನಾಡರಿಗೆ ಕಾದಂಬರಿ 0, ನಾಟಕ 3, ಎರಡೂ ಸರಿ. ಹೀಗೆ ಕೆಲವು ಸಾಲು ಸರಿಯಾಗಿ, ಕೆಲವು ತಪ್ಪಾಗಿ ಬರುವುದರಿಂದ ಒಂದೆರಡು ಸಾಲು ನೋಡಿ ಪರಿಶೀಲಿಸಿದವರಿಗೆ ದೋಷ ಕಾಣದೇ ಹೋಗಬಹುದು.

ಎರಡು ಪರಿಹಾರಗಳಿವೆ. ಪ್ರೈಮರಿ ಕೀ ಮೇಲೆ ಕೌಂಟ್ ಡಿಸ್ಟಿಂಕ್ಟ್ ಮಾಡಿದರೆ ಎಣಿಕೆ ಸರಿಹೋಗುತ್ತದೆ: ಕುವೆಂಪು 2 ಮತ್ತು 3, ಮಾಸ್ತಿ 2 ಮತ್ತು 1. ಆದರೆ ಇದು ಎಣಿಕೆಗಷ್ಟೇ ಒದಗುವ ಪರಿಹಾರ. ಪುಟಗಳ ಮೊತ್ತ ಬೇಕಾದಾಗ ಡಿಸ್ಟಿಂಕ್ಟ್ ನೆರವಿಗೆ ಬರುವುದಿಲ್ಲ; ಒಂದೇ ಪುಟಸಂಖ್ಯೆಯ ಎರಡು ಕಾದಂಬರಿಗಳಿದ್ದರೆ ಅವನ್ನು ಅದು ಒಂದೇ ಎಂದು ಕೂಡುತ್ತದೆ. ನಡುವಿನ ಸಾಲುಗಳೂ ಗುಣಾಕಾರವಾಗಿ ಬೆಳೆಯುತ್ತವೆ: ಒಬ್ಬ ಗ್ರಾಹಕರಿಗೆ 1,000 ಬಿಲ್ಲು, 1,000 ಪಾವತಿ ಇದ್ದರೆ ಎಣಿಸುವ ಮೊದಲು 10 ಲಕ್ಷ ಸಾಲುಗಳನ್ನು ಕಟ್ಟಬೇಕು. ಪ್ರತಿ ಕೋಷ್ಟಕವನ್ನೂ ಪ್ರತ್ಯೇಕವಾಗಿ ಎಣಿಸಿ ಆಮೇಲೆ ಜೋಡಿಸುವುದು ಎರಡೂ ತೊಂದರೆಗಳನ್ನು ತಪ್ಪಿಸುತ್ತದೆ. ಜ್ಯಾಂಗೋ ಚೌಕಟ್ಟಿನ ಅಧಿಕೃತ ದಸ್ತಾವೇಜು, ಒಂದಕ್ಕಿಂತ ಹೆಚ್ಚು ಎಣಿಕೆಗಳನ್ನು ಒಟ್ಟಿಗೆ ಕೇಳಿದರೆ ತಪ್ಪು ಉತ್ತರ ಬರುತ್ತದೆ ಎಂದು ಇದೇ ಕಾರಣಕ್ಕೆ ಎಚ್ಚರಿಸುತ್ತದೆ.

ಕನ್ನಡ ಪಠ್ಯದ ಮೇಲಿನ ಎಣಿಕೆ

ಐಡಿಯ ಬದಲು ಪಠ್ಯದ ಮೇಲೆ ಗುಂಪು ಮಾಡಿದಾಗ ಅಥವಾ ಡಿಸ್ಟಿಂಕ್ಟ್ ಎಣಿಸಿದಾಗ ಯೂನಿಕೋಡ್ ಬರವಣಿಗೆಯ ಭೇದಗಳು ಎಣಿಕೆಯನ್ನು ಹಿಗ್ಗಿಸುತ್ತವೆ. ಮಾದರಿಯಲ್ಲಿರುವ ಬೆರಳ್‌ಗೆ ಕೊರಳ್ ಎಂಬ ಶೀರ್ಷಿಕೆಯಲ್ಲಿ ಳಕಾರ ಮತ್ತು ಗೆಕಾರ ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರಸಂಕೇತವೊಂದಿದೆ. ಅದನ್ನು ಒಬ್ಬರು ಟೈಪ್ ಮಾಡಿ ಇನ್ನೊಬ್ಬರು ಬಿಟ್ಟರೆ, ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ವ್ಯವಸ್ಥೆಗೆ ಅವು ಎರಡು ಶೀರ್ಷಿಕೆಗಳು. ಒತ್ವ ಚಿಹ್ನೆಗೆ ಒಂದೇ ಸಂಕೇತವೂ ಇದೆ, ಎತ್ವ ಮತ್ತು ಊತ್ವ ಚಿಹ್ನೆಗಳ ಸಂಕೇತಗಳನ್ನು ಕೂಡಿಸಿಯೂ ಅದನ್ನು ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಈ ಎರಡನೆಯ ಭೇದವನ್ನು ಯೂನಿಕೋಡ್ ನಾರ್ಮಲೈಸೇಷನ್ ಒಂದುಗೂಡಿಸುತ್ತದೆ. ಕಾಣದ ಸಂಕೇತವನ್ನು ಮಾತ್ರ ಅದು ಹಾಗೆಯೇ ಬಿಡುತ್ತದೆ, ಬೇರೆಯಾಗಿ ತೆಗೆಯಬೇಕು. ಕಾರ್ನಾಡ, ಕಾರ್ನಾಡ್ ಎಂಬಂಥ ಕಾಗುಣಿತ ಭೇದಕ್ಕೆ ಯಾಂತ್ರಿಕ ಪರಿಹಾರವಿಲ್ಲ. ಲೇಖಕರಿಗೆ ಐಡಿ ಕೊಟ್ಟು ಅದರ ಮೇಲೆ ಎಣಿಸಬೇಕು.

ವೇಗ ಮತ್ತು ವೆಚ್ಚ

ಎಣಿಕೆಯ ಕ್ವೆರಿಗೆ ಮುಖ್ಯ ಆಧಾರ ಫಾರಿನ್ ಕೀ ಕಾಲಂನ ಮೇಲಿನ ಇಂಡೆಕ್ಸ್, ಅಂದರೆ ಮೌಲ್ಯದಿಂದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಜಿನ್ ಇದನ್ನು ತಾನಾಗಿ ಕಟ್ಟುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್, ಒರೇಕಲ್, ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಕೈಯಾರೆ ಕಟ್ಟಬೇಕು. ಇಂಡೆಕ್ಸ್ ಇದ್ದರೆ ಸಂಬಂಧಿತ ಉಪಕ್ವೆರಿ ಕೆಲವೇ ಸಾಲುಗಳಿಗೆ ವೇಗವಾಗಿ ಓಡುತ್ತದೆ. ಲಕ್ಷಾಂತರ ಸಾಲುಗಳಿಗೆ ಒಟ್ಟಿಗೆ ಎಣಿಸಬೇಕಾದಾಗ ಹ್ಯಾಶ್ ಅಥವಾ ವಿಂಗಡಣೆಯ ಮೂಲಕ ಒಮ್ಮೆಗೇ ಗುಂಪು ಮಾಡುವುದು ಅಗ್ಗ. ಗುಂಪು ಮಾಡುವ ಕೆಲಸವನ್ನು ಜಾಯಿನ್‌ಗಿಂತ ಮೊದಲಿಗೆ ಸರಿಸುವುದು ಯಾವಾಗ ನಿರಪಾಯ ಎಂಬುದನ್ನು 1990ರ ದಶಕದ ನಡುವಿನಲ್ಲಿ ಸುರಜಿತ್ ಚೌಧುರಿ ಮತ್ತು ಕ್ಯುಸೋಕ್ ಶಿಮ್, ವೈಪೆಂಗ್ ಯಾನ್ ಮತ್ತು ಪೆರ್-ಆಕೆ ಲಾರ್ಸನ್ ವಿವರಿಸಿದರು.

ಇಡೀ ಕೋಷ್ಟಕದ ಎಣಿಕೆಯೂ ಎಲ್ಲೆಡೆ ಒಂದೇ ವೆಚ್ಚದ್ದಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಎಂಜಿನ್ ಒಟ್ಟು ಸಾಲುಗಳ ಸಂಖ್ಯೆಯನ್ನು ಬರೆದಿಟ್ಟುಕೊಂಡಿರುತ್ತಿತ್ತು, ಕೇಳಿದೊಡನೆ ಹೇಳುತ್ತಿತ್ತು. ಇನ್ನೊಡಿಬಿ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗಳಲ್ಲಿ ಏಕಕಾಲದಲ್ಲಿ ಓಡುತ್ತಿರುವ ವ್ಯವಹಾರಗಳಿಗೆ ಸಾಲುಗಳ ಬೇರೆಬೇರೆ ಆವೃತ್ತಿಗಳು ಕಾಣುತ್ತವೆ. ಎಲ್ಲರಿಗೂ ಸಲ್ಲುವ ಒಂದು ಒಟ್ಟು ಸಂಖ್ಯೆ ಇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಸಾಲುಗಳನ್ನು ಅಥವಾ ಇಂಡೆಕ್ಸನ್ನು ಓದಬೇಕಾಗುತ್ತದೆ.

ಪ್ರೋಗ್ರಾಂಗಳಲ್ಲಿ ಕಾಣುವ ಇನ್ನೊಂದು ವೆಚ್ಚ ಎನ್ ಪ್ಲಸ್ ಒನ್ ಎಂಬುದು. ಮೊದಲು ಲೇಖಕರ ಪಟ್ಟಿ ತಂದು, ನಂತರ ಒಬ್ಬೊಬ್ಬರಿಗೂ ಪ್ರತ್ಯೇಕ ಎಣಿಕೆಯ ಕ್ವೆರಿ ಕಳುಹಿಸಿದರೆ 100 ಲೇಖಕರಿಗೆ 101 ಕ್ವೆರಿಗಳಾಗುತ್ತವೆ.

ಕೂಡಿಟ್ಟ ಎಣಿಕೆ ಮತ್ತು ಅಂದಾಜು ಎಣಿಕೆ

ಪದೇಪದೇ ಬೇಕಾಗುವ ಎಣಿಕೆಯನ್ನು ಮೊದಲೇ ಲೆಕ್ಕಹಾಕಿ ಇಡುವ ಕ್ರಮಗಳಿವೆ. ಲೇಖಕ ಕೋಷ್ಟಕದಲ್ಲೇ ಎಣಿಕೆಯ ಕಾಲಂ ಇಟ್ಟು, ಕೃತಿ ಸೇರಿದಾಗ ಒಂದನ್ನು ಕೂಡಿ, ಅಳಿಸಿದಾಗ ಒಂದನ್ನು ಕಳೆಯುವುದು ಸರಳವಾದದ್ದು. ರೂಬಿ ಆನ್ ರೇಲ್ಸ್ ಚೌಕಟ್ಟಿನಲ್ಲಿ ಇದಕ್ಕೆ ಕೌಂಟರ್ ಕ್ಯಾಶ್ ಎಂಬ ಸೌಲಭ್ಯವಿದೆ. ಒಂದೇ ಸಾಲಿನ ಎಣಿಕೆಯನ್ನು ಅನೇಕರು ಏಕಕಾಲಕ್ಕೆ ಬದಲಿಸುವಾಗ ಲಾಕ್‌ಗಾಗಿ ಸರದಿ ನಿಲ್ಲಬೇಕಾಗುವುದು ಇದರ ಮಿತಿ.

ಮೆಟೀರಿಯಲೈಸ್ಡ್ ವ್ಯೂ ಕ್ವೆರಿಯ ಉತ್ತರವನ್ನೇ ಕೋಷ್ಟಕದಂತೆ ಕೂಡಿಡುತ್ತದೆ. ಆಶಿಶ್ ಗುಪ್ತಾ, ಇಂದರ್‌ಪಾಲ್ ಸಿಂಗ್ ಮುಮಿಕ್, ವಿ.ಎಸ್. ಸುಬ್ರಹ್ಮಣ್ಯನ್ 1993ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ವ್ಯೂನ ಪ್ರತಿ ಸಾಲಿನ ಜತೆ ಅದು ಎಷ್ಟು ಬಗೆಯಲ್ಲಿ ಹುಟ್ಟಬಹುದು ಎಂಬ ಎಣಿಕೆಯನ್ನು ಇಡಲಾಗುತ್ತದೆ. ಮೂಲ ಸಾಲುಗಳು ಅಳಿದಂತೆ ಅದು ಇಳಿಯುತ್ತದೆ, 0 ಆದಾಗ ಸಾಲು ಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಗ್ರೂಪ್ ಬೈ ಇರುವ ಇಂಡೆಕ್ಸ್ಡ್ ವ್ಯೂ ಒಳಗೆ ಕೌಂಟ್_ಬಿಗ್(*) ಕಡ್ಡಾಯವಾಗಿರುವುದಕ್ಕೂ, ಗುಂಪು ಯಾವಾಗ ಬರಿದಾಯಿತೆಂದು ತಿಳಿಯಬೇಕಾದ ಇದೇ ಅಗತ್ಯ ಕಾರಣ.

ಬೇರೆಬೇರೆ ಮೌಲ್ಯಗಳ ಎಣಿಕೆಗೆ ಈಗಾಗಲೇ ಕಂಡ ಮೌಲ್ಯಗಳನ್ನೆಲ್ಲ ನೆನಪಿಡಬೇಕಾದ್ದರಿಂದ ಮೆಮೊರಿ ಹೆಚ್ಚು ಬೇಕು. ಫಿಲಿಪ್ ಫ್ಲಾಜೊಲೆ ಮತ್ತು ನೈಜೆಲ್ ಮಾರ್ಟಿನ್ 1985ರಲ್ಲಿ ಸಂಭವನೀಯತೆಯ ಮೇಲೆ ನಿಂತ ಅಂದಾಜು ಎಣಿಕೆಯನ್ನು ಪ್ರಕಟಿಸಿದರು. 2007ರಲ್ಲಿ ಫ್ಲಾಜೊಲೆ ಮತ್ತು ಮೂವರು ಸಹಲೇಖಕರು ಅದನ್ನು ಹೈಪರ್‌ಲಾಗ್‌ಲಾಗ್ ಆಗಿ ಬೆಳೆಸಿದರು. ಇದರ ಮಾನಕ ದೋಷ 1.04ನ್ನು ರಿಜಿಸ್ಟರ್‌ಗಳ, ಅಂದರೆ ಅದು ಬಳಸುವ ಮೆಮೊರಿಯ ಚಿಕ್ಕ ಕೋಶಗಳ, ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. 16,384 ರಿಜಿಸ್ಟರ್‌ಗಳಿದ್ದರೆ ಸುಮಾರು ಶೇ. 0.81. ಒರೇಕಲ್ 12ಸಿ, ಎಸ್‌ಕ್ಯೂಎಲ್ ಸರ್ವರ್ 2019 ಹಾಗೂ ಗೂಗಲ್‌ನ ಬಿಗ್‌ಕ್ವೆರಿಗಳಲ್ಲಿ ಅಂದಾಜು ಎಣಿಕೆಗೆ ಅಪ್ರಾಕ್ಸ್_ಕೌಂಟ್_ಡಿಸ್ಟಿಂಕ್ಟ್ ಎಂಬ ಫಂಕ್ಷನ್ ಇದೆ.

ಉಪಯೋಗಗಳು

ವರದಿಗಳು, ಪಟ್ಟಿಯ ಪಕ್ಕದಲ್ಲಿ ಕಾಣುವ ಸಂಖ್ಯೆಗಳು, ಪುಟವಿಭಜನೆ ಇವು ದಿನನಿತ್ಯದ ಬಳಕೆಗಳು. ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಶ್ರೇಣಿಯಲ್ಲಿ ಉಪಮೊತ್ತಗಳೊಂದಿಗೆ ಎಣಿಸಲು ರೋಲಪ್ ಒದಗುತ್ತದೆ; ಎಷ್ಟು ಹಂತಗಳಿವೆಯೆಂದು ಮೊದಲೇ ತಿಳಿಯದ ಶ್ರೇಣಿಗೆ ರಿಕರ್ಸಿವ್ ಕ್ವೆರಿ ಬೇಕು.

ದತ್ತಾಂಶದ ಶುದ್ಧಿಯನ್ನೂ ಎಣಿಕೆಯಿಂದಲೇ ಪರೀಕ್ಷಿಸುತ್ತಾರೆ. ಗುಂಪಿನ ಎಣಿಕೆ 1ಕ್ಕಿಂತ ಹೆಚ್ಚಿರುವವನ್ನು ಹ್ಯಾವಿಂಗ್ ಮೂಲಕ ಕೇಳಿದರೆ ದ್ವಿಪ್ರತಿಗಳು ಸಿಗುತ್ತವೆ; ಫಾರಿನ್ ಕೀಗೆ ಹೊಂದುವ ಮೂಲ ಸಾಲು ಇಲ್ಲದ ಅನಾಥ ದಾಖಲೆಗಳ ಸಂಖ್ಯೆ 0 ಆಗಿರಬೇಕು. ಜಾಯಿನ್ ಮಾಡುವ ಮೊದಲಿನ ಮತ್ತು ನಂತರದ ಸಾಲುಗಳ ಸಂಖ್ಯೆಯನ್ನು ಹೋಲಿಸುವುದು ಗುಣಾಕಾರದ ದೋಷವನ್ನು ಪತ್ತೆಹಚ್ಚುವ ಸುಲಭ ಪರೀಕ್ಷೆ.

ಕಾಡ್ ಅವರ ಬೀಜಗಣಿತದ ಭಾಗಾಕಾರಕ್ಕೆ ಎಸ್‌ಕ್ಯೂಎಲ್‌ನಲ್ಲಿ ಪ್ರತ್ಯೇಕ ಪದವಿಲ್ಲ. ಪಠ್ಯಕ್ರಮದ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದ ವಿದ್ಯಾರ್ಥಿಗಳು ಯಾರು ಎಂಬಂಥ ಪ್ರಶ್ನೆಯನ್ನು, ವಿದ್ಯಾರ್ಥಿ ತೇರ್ಗಡೆಯಾದ ಬೇರೆಬೇರೆ ವಿಷಯಗಳ ಸಂಖ್ಯೆ ಪಠ್ಯಕ್ರಮದ ಒಟ್ಟು ವಿಷಯಗಳ ಸಂಖ್ಯೆಗೆ ಸಮವೇ ಎಂದು ಎಣಿಕೆಯಾಗಿ ತಿರುಗಿಸಿ ಕೇಳುವುದು ರೂಢಿ.

ಈಗಿನ ಸ್ಥಿತಿ

ಜಾಯಿನ್, ಉಪಕ್ವೆರಿ, ವಿಂಡೋ ಫಂಕ್ಷನ್ ಮೂರೂ ಈಗ ಎಲ್ಲ ಪ್ರಮುಖ ವ್ಯವಸ್ಥೆಗಳಲ್ಲಿ ಲಭ್ಯ. 2023ರ ಮಾನಕ ಕೋಷ್ಟಕಗಳನ್ನೇ ಗ್ರಾಫ್ ಆಗಿ ಕಂಡು ಪ್ರಶ್ನಿಸುವ ಭಾಗವನ್ನು ಸೇರಿಸಿದೆ.

ಸಂಶೋಧನೆಯ ಗಮನ ಕ್ವೆರಿ ಓಡುವ ಮೊದಲೇ ಆಪ್ಟಿಮೈಸರ್ ಮಾಡಬೇಕಾದ ಎಣಿಕೆಯ ಮೇಲಿದೆ. ಯಾವ ಜಾಯಿನ್‌ನಿಂದ ಎಷ್ಟು ಸಾಲು ಬರಬಹುದೆಂಬ ಅಂದಾಜಿನ ಮೇಲೆ ಅದು ಯೋಜನೆ ಆರಿಸುತ್ತದೆ. ಈ ಪದ್ಧತಿಯ ಮೂಲ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರ 1979ರ ಪ್ರಬಂಧ. ವಿಕ್ಟರ್ ಲೈಸ್ ಮತ್ತು ಸಹಲೇಖಕರು 2015ರಲ್ಲಿ ಚಲನಚಿತ್ರಗಳ ನಿಜವಾದ ದತ್ತಾಂಶದ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಜಾಯಿನ್‌ಗಳು ಹೆಚ್ಚಿದಷ್ಟೂ ಈ ಅಂದಾಜುಗಳು ನಿಜದಿಂದ ಹಲವು ಪಟ್ಟು ದೂರ ಸರಿಯುವುದು ಕಂಡುಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡೇಟಾಬೇಸ್ ಪ್ರಯೋಗಾಲಯ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೆ. ಆಪ್ಟಿಮೈಸರ್‌ನ ಆಯ್ಕೆಗಳನ್ನು ಚಿತ್ರವಾಗಿ ತೋರಿಸುವ ಪಿಕಾಸೊ ತಂತ್ರಾಂಶ ಅಲ್ಲಿಯದು, ಮತ್ತು ಅಲ್ಲಿಯ ಅನ್ಶುಮಾನ್ ದತ್ ಹಾಗೂ ಜಯಂತ್ ಹರಿತ್ಸ 2014ರಲ್ಲಿ ಅಂದಾಜನ್ನೇ ಬದಿಗಿಟ್ಟು ಯೋಜನೆಗಳ ಗುಚ್ಛವೊಂದನ್ನು ಒಂದಾದ ಮೇಲೊಂದು ಪ್ರಯೋಗಿಸುವ ಕ್ರಮವನ್ನು ಮಂಡಿಸಿದರು.

ಸಹಜ ಭಾಷೆಯ ಪ್ರಶ್ನೆಯಿಂದ ಎಸ್‌ಕ್ಯೂಎಲ್ ಬರೆಯಿಸುವ ಪ್ರಯತ್ನಗಳಲ್ಲೂ ಎಣಿಕೆ ದೊಡ್ಡ ಪಾಲು ಪಡೆದಿದೆ. ಯೇಲ್ ವಿಶ್ವವಿದ್ಯಾಲಯದಿಂದ 2018ರಲ್ಲಿ ಬಂದ ಸ್ಪೈಡರ್ ಸಂಗ್ರಹದಲ್ಲಿ 200 ಡೇಟಾಬೇಸ್‌ಗಳ ಮೇಲಿನ 10,181 ಪ್ರಶ್ನೆಗಳಿವೆ. ಯಂತ್ರ ಬರೆದ ಕ್ವೆರಿಯನ್ನು ಒಂದೇ ಡೇಟಾಬೇಸ್‌ನ ಮೇಲೆ ಓಡಿಸಿ ಉತ್ತರ ಹೋಲಿಸಿದರೆ, ತಪ್ಪು ಕ್ವೆರಿಯೂ ಆಕಸ್ಮಿಕವಾಗಿ ಸರಿಯುತ್ತರ ಕೊಡಬಹುದು. ಕಾದಂಬರಿ ಬರೆಯದ ಲೇಖಕರೇ ಇಲ್ಲದ ಕೋಷ್ಟಕದಲ್ಲಿ ಸಾದಾ ಜಾಯಿನ್‌ಗೂ ಲೆಫ್ಟ್ ಜಾಯಿನ್‌ಗೂ ಭೇದವಿಲ್ಲ. ರೂಯ್ಚಿ ಝಾಂಗ್, ಟಾವ್ ಯು, ಡ್ಯಾನ್ ಕ್ಲೈನ್ 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಕ್ರಮ ಇದಕ್ಕಾಗಿ ದತ್ತಾಂಶವನ್ನು ಬದಲಿಸಿ ಬದಲಿಸಿ ಕಟ್ಟಿದ ಹಲವು ಡೇಟಾಬೇಸ್‌ಗಳ ಮೇಲೆ ಒಂದೇ ಕ್ವೆರಿಯನ್ನು ಓಡಿಸಿ ನೋಡುತ್ತದೆ.